ಹೆಸರಿಡದ ಹಡಗು

ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಮೊದಲ ಮಹಾಯುದ್ಧದ ಪಾಠ ನಡೆಯುತ್ತಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬ ನೋಟ್ಸ್ ಬರೆದುಕೊಳ್ಳುವುದು ಬಿಟ್ಟು ತಲೆ ತಗ್ಗಿಸಿ ಏನೋ ಗೀಚುತ್ತಿದ್ದ. ಹೋಗಿ ನೋಡಿದರೆ ಯುದ್ಧದ ಹಡಗು. ಮುಂದೆ ಫಿರಂಗಿ, ಹಿಂದೆ ಫಿರಂಗಿ, ಅಕ್ಕಪಕ್ಕದಲ್ಲೂ ಫಿರಂಗಿ. ಮನುಷ್ಯರು ನಿಲ್ಲಲು ಜಾಗವೇ ಇಲ್ಲ! ಬೈಯಬೇಕೆಂದು ಹೋದವಳು ಬೈಯಲಿಲ್ಲ. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನೂ ಹೀಗೆಯೇ ಯುದ್ಧನೌಕೆಗಳ ಚಿತ್ರ ಬರೆದು ತನ್ನ ನೌಕಾಧಿಕಾರಿಗಳಿಗೆ ಕೊಡುತ್ತಿದ್ದನೆಂದು ಓದಿದ್ದು ನೆನಪಾಗಿ ನಗು ಬಂತು.

“ನಾಳೆ ಎಲ್ಲರೂ ಹಡಗು ಕಟ್ಟೋಣ. 1907ನೇ ಇಸವಿ, ನೀವೆಲ್ಲ ಜರ್ಮನಿಯ ಎಂಜಿನಿಯರುಗಳು” ಎಂದು ಹೇಳಿಬಿಟ್ಟೆ.

ಹೇಳಿದ್ದೇನೋ ಹೇಳಿದೆ. ನಾನು ಓದಿದ್ದು ಬಿ.ಎ., ಬಿ.ಇಡಿ. ದೊಡ್ಡ ಹಡಗನ್ನು ಕಂಡದ್ದು ಮಂಗಳೂರಿನಲ್ಲಿ ಒಂದೇ ಸಲ, ಅದೂ ದೂರದಿಂದ. ರಾತ್ರಿ ಅಡುಗೆಮನೆ ಒರೆಸಿ, ಪುಸ್ತಕ ಹರಡಿಕೊಂಡು ಕುಳಿತಾಗ ನಮ್ಮವರು “ಇದೇನೇ, ಈ ವಯಸ್ಸಿನಲ್ಲಿ ನೌಕಾಪಡೆ ಸೇರ್ತೀಯಾ?” ಎಂದರು. ಆದರೆ ಓದುತ್ತಾ ಹೋದಂತೆ ಇದು ನಮಗೆ ತೀರಾ ಅಪರಿಚಿತವಾದ ವಿದ್ಯೆಯೇನಲ್ಲ ಅನ್ನಿಸಿತು. ತಿಂಗಳ ಸಂಬಳ ಹಂಚುವುದನ್ನು ಬಲ್ಲವರಿಗೆ ಹಡಗಿನ ಲೆಕ್ಕವೂ ಅರ್ಥವಾಗುತ್ತದೆ. ಸಂಬಳದ ಜಾಗದಲ್ಲಿ ತೂಕ, ಅಷ್ಟೇ. ಇಂತಿಷ್ಟು ಸಾವಿರ ಟನ್ ಎಂದು ಗೊತ್ತಾದ ಮೇಲೆ ಅದರಲ್ಲೇ ಫಿರಂಗಿ, ಉಕ್ಕಿನ ಕವಚ, ಯಂತ್ರ, ಕಲ್ಲಿದ್ದಲು ಎಲ್ಲವೂ ಆಗಬೇಕು. ಹಡಗಿನ ಒಡಲಿಗೇ ಸುಮಾರು ಮೂರನೆಯ ಒಂದು ಪಾಲು ಹೋಗುತ್ತದೆ. ಅದು ಮನೆ ಬಾಡಿಗೆಯಿದ್ದಂತೆ, ಮುಟ್ಟುವ ಹಾಗಿಲ್ಲ. ಮಿಕ್ಕದ್ದರಲ್ಲಿ ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ.

ಇಂಗ್ಲೆಂಡಿನವರು ಆಗಷ್ಟೇ ಒಂದು ಹೊಸ ಬಗೆಯ ಹಡಗನ್ನು ಕಟ್ಟಲು ತೊಡಗಿದ್ದರು. ಮುಂದೆ ಅದಕ್ಕೆ ಬ್ಯಾಟಲ್ ಕ್ರೂಸರ್ ಎಂಬ ಹೆಸರು ಬಂತು. ಮೊದಲನೆಯದು ‘ಇನ್ವಿನ್ಸಿಬಲ್’, ಎಂದರೆ ಅಜೇಯ. ಎಂಟು 12 ಅಂಗುಲದ ಫಿರಂಗಿಗಳು, 25 ನಾಟ್ ವೇಗ. ಇಷ್ಟೆಲ್ಲ ಹೊತ್ತ ಮೇಲೆ ಕವಚಕ್ಕೆ ಉಳಿದದ್ದು ಆರೇ ಅಂಗುಲ. ವೇಗವೇ ರಕ್ಷಣೆ ಎಂಬುದು ಅಡ್ಮಿರಲ್ ಫಿಶರನ ನಂಬಿಕೆ.

ಇದರ ನಿಜವಾದ ಬಲ ಜರ್ಮನರಿಗೆ ಮೊದಲು ತಿಳಿಯಲೇ ಇಲ್ಲ. ಅದರ ಫಿರಂಗಿಗಳು ಚಿಕ್ಕವಿರುತ್ತವೆಂದು ನಂಬಿ, ಅದಕ್ಕೆ ಸರಿಸಮವಾಗಿ ‘ಬ್ಲ್ಯೂಖರ್’ ಎಂಬ ಹಡಗಿಗೆ 21 ಸೆಂಟಿಮೀಟರಿನ ಹನ್ನೆರಡು ಫಿರಂಗಿ ಗೊತ್ತುಮಾಡಿದರು. ನಿಜ ತಿಳಿಯುವ ಹೊತ್ತಿಗೆ ಕೈಮೀರಿತ್ತು. ಪಕ್ಕದ ಮನೆಯವರು ಮಾಡಿಸಿದ್ದು ಎರಡೆಳೆ ಸರವೆಂದು ಕೇಳಿ ತಾನೂ ಎರಡೆಳೆ ಮಾಡಿಸಿಕೊಂಡು, ಮದುವೆಮನೆಯಲ್ಲಿ ನೋಡಿದರೆ ಅವರದು ನಾಲ್ಕೆಳೆ ಎಂದಾದಂತೆ. ಆದರೆ ಇಲ್ಲಿ ಹೋದದ್ದು ಮಾನವಲ್ಲ, ಪ್ರಾಣ. 1915ರ ಜನವರಿ 24ರಂದು ಡಾಗರ್ ಬ್ಯಾಂಕ್ ಕದನದಲ್ಲಿ ಬ್ಲ್ಯೂಖರ್ ನೂರಾರು ನಾವಿಕರೊಂದಿಗೆ ಮುಳುಗಿತು.

ಮುಂದಿನ ಹಡಗಿಗೆ ಜರ್ಮನರಲ್ಲೇ ವಾದ ನಡೆಯಿತು. ನೌಕಾ ಮಂತ್ರಿ ಟಿರ್‌ಪಿಟ್ಸ್‌ಗೆ ದೊಡ್ಡ ಫಿರಂಗಿಯೂ ವೇಗವೂ ಬೇಕಿತ್ತು, ಕವಚ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಕಚೇರಿಯ ಬೇರೆ ಹಿರಿಯರು, “ನಮ್ಮಲ್ಲಿರುವುದೇ ಕಡಿಮೆ ಹಡಗು, ಇದೂ ದೊಡ್ಡವುಗಳ ಸಾಲಿನಲ್ಲಿ ನಿಂತು ಏಟು ತಿನ್ನಬೇಕಾಗುತ್ತದೆ” ಎಂದು ಪಟ್ಟುಹಿಡಿದರು. ಚಿತ್ರ ಬರೆಯುವ ಚಕ್ರವರ್ತಿಯೂ ಅವರ ಕಡೆಗೇ ವಾಲಿದ. ಹೀಗೆ ರೂಪುಗೊಂಡದ್ದು ‘ಫೊನ್ ಡೆರ್ ಟಾನ್’. 1908ರಲ್ಲಿ ಹ್ಯಾಂಬರ್ಗಿನಲ್ಲಿ ಕೆಲಸ ಶುರುವಾಗಿ 1910ರಲ್ಲಿ ನೌಕಾಪಡೆ ಸೇರಿತು. ಫಿರಂಗಿ 28 ಸೆಂಟಿಮೀಟರಿನವು, ಇಂಗ್ಲಿಷರಿಗಿಂತ ಚಿಕ್ಕವು. ಕವಚ ಮಾತ್ರ 25 ಸೆಂಟಿಮೀಟರ್ ದಪ್ಪ. ವೇಗವೂ ಕುಂದಲಿಲ್ಲ, ಪರೀಕ್ಷೆಯಲ್ಲಿ 27 ನಾಟ್ ದಾಟಿತು. ಸಣ್ಣ ಕೊಳವೆಗಳ ಬಾಯ್ಲರಿನಿಂದ ತೂಕ ಉಳಿದಿತ್ತು. ಕಾದಾಡುವುದು ಮನೆಯ ಹತ್ತಿರದ ಉತ್ತರ ಸಮುದ್ರದಲ್ಲಿ, ಇಂಗ್ಲಿಷರಂತೆ ಲೋಕವೆಲ್ಲ ಸುತ್ತಬೇಕಾಗಿರಲಿಲ್ಲ.

ಮರುದಿನ ತರಗತಿಯಲ್ಲಿ ಪ್ರತಿ ಗುಂಪಿಗೂ ನೂರು ಅಂಕ ಕೊಟ್ಟು ಹಂಚಿ ಎಂದೆ. ಹುಡುಗರು ಫಿರಂಗಿಗೇ ಅರವತ್ತು ಸುರಿದರು. ಒಂದು ಗುಂಪು ಕಲ್ಲಿದ್ದಲನ್ನೇ ಮರೆತಿತ್ತು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಪೆನ್ನು ಕಚ್ಚುತ್ತ ಕುಳಿತಿದ್ದಳು. “ಮಿಸ್, ಒಳಗೆ ಎಷ್ಟು ಜನ ಇರ್ತಾರೆ?” ಎಂದಳು.

ಅದನ್ನು ಹೇಳಲು ಮರೆತಿದ್ದೆ. ಇಷ್ಟು ವರ್ಷ ಇತಿಹಾಸ ಕಲಿಸಿದವಳಿಗೆ ಹಿಂದಿನ ರಾತ್ರಿಯೆಲ್ಲ ಉಕ್ಕಿನ ದಪ್ಪ ಲೆಕ್ಕ ಹಾಕುತ್ತ ಅದು ಹೊಳೆದೇ ಇರಲಿಲ್ಲ. ಫೊನ್ ಡೆರ್ ಟಾನ್‌ನಲ್ಲಿ 923 ಜನ. ನಮ್ಮ ಶಾಲೆಯ ಮಕ್ಕಳೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ಆ ಸಂಖ್ಯೆಯನ್ನು ಬರೆದೆ. ರಬ್ಬರು ಹುಡುಕುವ ಗಡಿಬಿಡಿ ಶುರುವಾಯಿತು.

ಕವಚ ದಪ್ಪವಾದರೆ ಸಾಕೇ? ಅದೂ ಅಲ್ಲ. ಡಾಗರ್ ಬ್ಯಾಂಕ್ ಕದನದಲ್ಲೇ ‘ಸೈಡ್‌ಲಿಟ್ಸ್’ ಎಂಬ ಜರ್ಮನ್ ಹಡಗಿನ ಹಿಂಭಾಗಕ್ಕೆ ಒಂದು ಗುಂಡು ಬಡಿಯಿತು. ಕವಚದ ಒಳಗೆ ಮದ್ದಿಗೆ ಬೆಂಕಿ ಹತ್ತಿತು. ಕೆಳಗಿದ್ದವರು ಜೀವ ಉಳಿಸಿಕೊಳ್ಳಲು ಪಕ್ಕದ ಕೋಣೆಯ ಬಾಗಿಲು ತೆರೆದರು. ಬೆಂಕಿಯೂ ಅವರ ಜೊತೆಗೇ ಒಳಹೊಕ್ಕಿತು. ಎರಡು ಫಿರಂಗಿ ಗೋಪುರಗಳಲ್ಲಿ ಸುಮಾರು 160 ಜನ ಸತ್ತರು. ವಿಲ್‌ಹೆಲ್ಮ್ ಹೈಡ್‌ಕಾಂಪ್ ಎಂಬ ಪಂಪುಗಳ ಮೇಸ್ತ್ರಿ ಕೆಂಪಗೆ ಕಾದಿದ್ದ ಕವಾಟದ ಚಕ್ರಗಳನ್ನು ಬರಿಗೈಯಲ್ಲಿ ತಿರುಗಿಸಿ ಮದ್ದಿನ ಕೋಣೆಗೆ ನೀರು ನುಗ್ಗಿಸಿದ. ಹಡಗು ಉಳಿಯಿತು, ಅವನ ಕೈಗಳು ಬೆಂದುಹೋದವು. ಕಾದ ಬಾಣಲೆಯ ಹಿಡಿ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ? ಅವನು ಹಿಂದಕ್ಕೆ ತೆಗೆಯಲಿಲ್ಲ.

ಜರ್ಮನರು ಪಾಠ ಕಲಿತರು. ಫಿರಂಗಿಯ ಹತ್ತಿರ ಮದ್ದು ಗುಡ್ಡೆಹಾಕುವುದನ್ನು ಕಡಿಮೆ ಮಾಡಿದರು. ಅವರ ಮದ್ದಿನ ಮುಖ್ಯ ಭಾಗ ಹಿತ್ತಾಳೆಯ ಡಬ್ಬಿಯಲ್ಲಿರುತ್ತಿತ್ತು. ಇಂಗ್ಲಿಷರದು ರೇಷ್ಮೆ ಚೀಲಗಳಲ್ಲಿ. ರೇಷ್ಮೆಯೇ ಯಾಕೆಂದರೆ ಅದು ಉರಿದ ಮೇಲೆ ಫಿರಂಗಿಯೊಳಗೆ ಕೆಂಡ ಉಳಿಯುವುದಿಲ್ಲವಂತೆ. ರೇಷ್ಮೆಗೆ ಇಂಥ ಉಪಯೋಗವೂ ಇದೆಯೆಂದು ಓದಿದ ದಿನ ಬೀರುವಿನಲ್ಲಿದ್ದ ನನ್ನ ಸೀರೆಗಳನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿದೆ. ಬೇಗ ಬೇಗ ಗುಂಡು ಹಾರಿಸುವ ಆತುರದಲ್ಲಿ ಇಂಗ್ಲಿಷರು ಈ ಚೀಲಗಳನ್ನು ಹೊರಗೆ ಪೇರಿಸಿ, ನಡುವಿನ ಬಾಗಿಲುಗಳನ್ನೂ ತೆರೆದಿಟ್ಟಿದ್ದರು.

1916ರ ಮೇ 31, ಜಟ್‌ಲ್ಯಾಂಡ್ ಕದನ. ಇಂಗ್ಲಿಷರ ಮೂರು ಬ್ಯಾಟಲ್ ಕ್ರೂಸರುಗಳು ಒಂದೇ ಮಧ್ಯಾಹ್ನ-ಸಂಜೆಯೊಳಗೆ ಸಿಡಿದುಹೋದವು. ‘ಕ್ವೀನ್ ಮೇರಿ’ಯಲ್ಲಿ ಸತ್ತವರು 1,266. ಅಜೇಯವೆಂಬ ಹೆಸರಿನ ಇನ್ವಿನ್ಸಿಬಲ್‌ನಲ್ಲಿ 1,026, ಬದುಕಿದವರು ಆರು ಜನ. ಫೊನ್ ಡೆರ್ ಟಾನ್‌ನ ದೊಡ್ಡ ಫಿರಂಗಿಗಳೆಲ್ಲ ಸ್ವಲ್ಪ ಹೊತ್ತು ಕೆಟ್ಟು ನಿಂತಿದ್ದವು. ಆದರೂ ಶತ್ರುವಿನ ಗುಂಡು ಬೇರೆ ಹಡಗುಗಳ ಮೇಲೆ ಹೋಗದಿರಲೆಂದು ಅದು ಸಾಲು ಬಿಡಲಿಲ್ಲ. ಸೈಡ್‌ಲಿಟ್ಸ್ ಐದು ಸಾವಿರ ಟನ್ನಿಗೂ ಹೆಚ್ಚು ನೀರು ಕುಡಿದು ಹೇಗೋ ತೆವಳುತ್ತ ಮನೆ ಸೇರಿತು. ಜರ್ಮನರದೂ ‘ಲ್ಯೂಟ್ಸೋ’ ಎಂಬ ಒಂದು ಬ್ಯಾಟಲ್ ಕ್ರೂಸರ್ ಹೋಯಿತು. ಆದರೆ ಅದು ಸಿಡಿಯಲಿಲ್ಲ, ನಿಧಾನವಾಗಿ ನೀರು ತುಂಬಿಕೊಂಡದ್ದರಿಂದ ಹೆಚ್ಚಿನವರನ್ನು ಬೇರೆ ಹಡಗುಗಳಿಗೆ ಇಳಿಸಿಕೊಳ್ಳಲು ಸಮಯ ಸಿಕ್ಕಿತು. ಬೋರ್ಡಿನ ಮೇಲೆ ಹಂಚಿದ ಅಂಕದ ಬೆಲೆ ಇಷ್ಟು.

ಇಷ್ಟಾದರೂ ಹೊಸ ಹಡಗು ಕಟ್ಟುವ ಹುಚ್ಚು ನಿಲ್ಲಲಿಲ್ಲ. ಅದೇ ಜುಲೈನಲ್ಲಿ ಹ್ಯಾಂಬರ್ಗಿನಲ್ಲಿ ಇನ್ನೊಂದಕ್ಕೆ ಅಡಿಪಾಯ ಬಿತ್ತು. ಎಂಟು 38 ಸೆಂಟಿಮೀಟರಿನ ಫಿರಂಗಿ, 33 ಸಾವಿರ ಟನ್ನಿಗೂ ಮೇಲೆ. ಜರ್ಮನರ ಪದ್ಧತಿಯಲ್ಲಿ ಹಡಗು ನೀರಿಗಿಳಿಯುವ ದಿನವೇ ನಾಮಕರಣ. ಅಲ್ಲಿಯವರೆಗೆ ಅದು ಯಾವ ಹಳೆಯ ಹಡಗಿನ ಬದಲಿಗೆ ಬರುತ್ತದೋ ಅದರ ಹೆಸರಿಗೆ ‘ಎರ್ಸಾಟ್ಸ್’ ಎಂದು ಸೇರಿಸಿ ಕರೆಯುವರು. ಎರ್ಸಾಟ್ಸ್ ಎಂದರೆ ಬದಲಿ. ಇದು ‘ಎರ್ಸಾಟ್ಸ್ ಯೋರ್ಕ್’. ಹಳೆಯ ಯೋರ್ಕ್ 1914ರ ನವೆಂಬರಿನಲ್ಲಿ ತನ್ನವರೇ ಇಟ್ಟಿದ್ದ ಮೈನ್‌ಗೆ ತಾಗಿ ಮುಳುಗಿತ್ತು. ಇದರ ಇನ್ನಿಬ್ಬರು ತಂಗಿಯರೂ ಫಾಕ್‌ಲ್ಯಾಂಡಿನ ಬಳಿ ಮುಳುಗಿದ ಎರಡು ಹಡಗುಗಳ ಬದಲಿಗಳೇ.

ಉಕ್ಕು, ಕೆಲಸಗಾರರು ಎಲ್ಲ ಜಲಾಂತರ್ಗಾಮಿಗಳ ಕಡೆ ಹರಿದುಹೋದರು. ಮೂರರಲ್ಲಿ ಒಂದೂ ನೀರು ಕಾಣಲಿಲ್ಲ. ಯುದ್ಧ ಮುಗಿದ ಮೇಲೆ ಕಟ್ಟುತ್ತಿದ್ದ ಜಾಗದಲ್ಲೇ ಕತ್ತರಿಸಿ ಗುಜರಿಗೆ ಹಾಕಿದರು.

ಇದನ್ನು ಹೇಳುವಾಗ ಬೆಲ್ ಹೊಡೆಯಿತು. ಚಿತ್ರ ಬರೆದ ಹುಡುಗ ಚೀಲ ಹೆಗಲಿಗೇರಿಸಿಕೊಂಡು ಬಂದ. “ಹಾಗಾದ್ರೆ ಅದರ ನಿಜವಾದ ಹೆಸರೇನು ಮಿಸ್?”

“ಇಡಲೇ ಇಲ್ಲ ಕಣೋ” ಎಂದೆ.