ಸವಾರರೇ ರೂಪಿಸಿದ ಗೋಲ್ಡ್‌ವಿಂಗ್

1975ರಲ್ಲಿ ಹೋಂಡಾ ಕಂಪನಿಯ ಗೋಲ್ಡ್‌ವಿಂಗ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದಕ್ಕೆ ಗಾಳಿ ತಡೆಯುವ ಗಾಜೂ ಇರಲಿಲ್ಲ, ಸಾಮಾನಿನ ಪೆಟ್ಟಿಗೆಯೂ ಇರಲಿಲ್ಲ. ಇದ್ದದ್ದು ನೀರಿನಿಂದ ತಣಿಯುವ 999 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಹಿಂದಿನ ಚಕ್ರವನ್ನು ತಿರುಗಿಸಲು ಚೈನಿನ ಬದಲು ಶಾಫ್ಟ್. ಹೀಗಾಗಿ ಚೈನಿಗೆ ಎಣ್ಣೆ ಬಿಡುವ, ಬಿಗಿ ಮಾಡುವ ರಗಳೆಯಿಲ್ಲ. ದಿನವಿಡೀ ಓಡಿದರೂ ಎಂಜಿನ್ ದಣಿಯದು. ಎದೆಗೆ ಬಡಿಯುವ ಗಾಳಿಗೆ ದಣಿಯುತ್ತಿದ್ದವನು ಸವಾರ!

ಕೊನೆಗೆ ಕೊಂಡವರೇ ದಾರಿ ಕಂಡುಕೊಂಡರು. ಕ್ರೇಗ್ ವೆಟ್ಟರ್ ಎಂಬಾತ ತಯಾರಿಸುತ್ತಿದ್ದ ‘ವಿಂಡ್‌ಜಾಮರ್’ ಕವಚವನ್ನು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡರು, ಪಕ್ಕಗಳಿಗೆ ಪೆಟ್ಟಿಗೆ ಬಿಗಿದರು. ಕಂಪನಿ ಎಚ್ಚೆತ್ತದ್ದು ಐದು ವರ್ಷಗಳ ಮೇಲೆ. 1980ರ ‘ಇಂಟರ್‌ಸ್ಟೇಟ್’ ಮಾದರಿಗೆ ಇವೆಲ್ಲ ಕಾರ್ಖಾನೆಯಲ್ಲೇ ಕೂಡಿಕೊಂಡವು.

ಅನುಕೂಲ ಹೆಚ್ಚಿದಂತೆ ಭಾರವೂ ಹೆಚ್ಚಿತು. 1988ರ ಆರು ಸಿಲಿಂಡರ್ ಮಾದರಿಯನ್ನು ಹಿಂದಕ್ಕೆ ಸರಿಸಲು ಸ್ಟಾರ್ಟರ್ ಮೋಟಾರಿನಿಂದ ನಡೆಯುವ ರಿವರ್ಸ್ ವ್ಯವಸ್ಥೆಯನ್ನೇ ಅಳವಡಿಸಬೇಕಾಯಿತು.