ಹನ್ನೊಂದು ತಿಂಗಳ ಕರಾರು: ಸಹಕಾರನಗರದ ಬಾಡಿಗೆ ಮನೆಗಳಲ್ಲಿ ಎಳೆಯರ ನೆಲೆ ಬದಲಾವಣೆ

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್. ಆ ಖರ್ಚು, ಓಡಾಟ ಬೇಡವೆಂದು ಒಂದು ತಿಂಗಳು ಕಡಿಮೆ ಬರೆಯುವ ರೂಢಿ ಬೆಳೆಯಿತು. ಕರಾರು ನವೀಕರಣವಾಗುತ್ತಲೇ ಹೋಗಬಹುದು, ಆಗದೆ ಮನೆ ಬಿಡಬೇಕಾಗಿಯೂ ಬರಬಹುದು. ಮೂರು ವರ್ಷದ ಮಗುವಿಗೆ ಹನ್ನೊಂದು ತಿಂಗಳೆಂದರೆ ಅದುವರೆಗಿನ ಬದುಕಿನ ಮೂರರಲ್ಲೊಂದು ಪಾಲಿನ ಹತ್ತಿರ. ಅದಕ್ಕೆ ನೆನಪಿರುವ ಕಾಲವನ್ನಷ್ಟೇ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು.

ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಕೊಡಿಗೇಹಳ್ಳಿ, ಬಳ್ಳಾರಿ ರಸ್ತೆಗಳ ನೆರೆಯಲ್ಲಿರುವ ಬೆಂಗಳೂರಿನ ಸಹಕಾರನಗರ ಎಳೆಯರ ಈ ನೆಲೆ ಬದಲಾವಣೆಯನ್ನು ನೋಡಲು ತಕ್ಕ ಜಾಗ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷವಿದ್ದದ್ದು 2011ಕ್ಕೆ 96 ಲಕ್ಷವಾಯಿತು. ನಡುವೆ, 2008ರ ಮೇನಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು ಬಳ್ಳಾರಿ ರಸ್ತೆಯ ಎರಡೂ ಬದಿಯ ಬೆಲೆ ಏರಿತು. ಬಾಡಿಗೆ ಹೆಚ್ಚಿತೆಂದೋ, ಮಾಲೀಕರ ಮಗ ಮದುವೆಯಾದನೆಂದೋ ಬಾಡಿಗೆದಾರರು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗುತ್ತಾರೆ. ‘ಅದೇ ಏರಿಯಾ ತಾನೇ, ನಾಲ್ಕು ಕ್ರಾಸ್ ಆಚೆ’ ಎಂಬುದು ದೊಡ್ಡವರ ಸಮಾಧಾನ. ದಿನಾಂಕ ಗೊತ್ತುಮಾಡುವಾಗ ಆಷಾಢ, ಅಡ್ವಾನ್ಸ್ ವಾಪಸಾಗುವ ದಿನ, ಜೂನ್‌ನ ಶಾಲಾರಂಭ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಗುವಿಗೆ ವಿಷಯ ತಿಳಿಯುವುದು ಹೆಚ್ಚಾಗಿ ಅಟ್ಟದ ಮೇಲಿನ ಪಾತ್ರೆ ಕೆಳಗಿಳಿದ ಮೇಲೆ.

ಎಳೆಯರ ಮಟ್ಟಿಗೆ ನಾಲ್ಕು ಕ್ರಾಸೂ ನಾನೂರು ಕಿಲೋಮೀಟರೂ ಹೆಚ್ಚುಕಡಿಮೆ ಒಂದೇ. ಸ್ವಿಸ್ ಮನೋವಿಜ್ಞಾನಿ ಜಾನ್ ಪಿಯಾಜೆ ಗುರುತಿಸಿದಂತೆ, ಸುಮಾರು ಎರಡರಿಂದ ಏಳು ವರ್ಷದವರೆಗಿನ ಯೋಚನೆ ಕಣ್ಣಿಗೆ ಕಾಣುವುದಕ್ಕೆ ಅಂಟಿಕೊಂಡಿರುತ್ತದೆ. ಹೊಸ ಮನೆಯಲ್ಲಿ ದಿನವಿಡೀ ಖಾಲಿ ರಟ್ಟಿನ ಡಬ್ಬಗಳೊಳಗೆ ಕೂತು ಖುಷಿಯಾಗಿ ಆಡಿದ ಮಗು ಕತ್ತಲಾಗುತ್ತಲೇ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಂತು ‘ಇನ್ನು ಮನೆಗೆ ಹೋಗೋಣ’ ಎನ್ನುವುದು ಇದರಿಂದಲೇ. ಅದು ಹಟವಲ್ಲ. ಅದರ ಮಟ್ಟಿಗೆ ಮನೆಯೆಂದರೆ ಒಂದು ಕ್ರಮ: ಗೇಟಿನ ಚಿಲಕದ ಸದ್ದು, ಎಟುಕುವ ಸ್ವಿಚ್ಚು, ರಾತ್ರಿ ಬಚ್ಚಲಿಗೆ ಹೋಗುವ ದಾರಿ, ಸೊಪ್ಪಿನವಳ ಕೂಗು. ಗೋಡೆ ಬದಲಾದುದಕ್ಕಿಂತ ಈ ಕ್ರಮ ಕಳಚಿದ್ದು ಹೆಚ್ಚು ಕಾಡುತ್ತದೆ.

ಮನೆ ಬದಲಾವಣೆಯಿಂದ ಮಕ್ಕಳ ಮನಸ್ಸು ಕೆಡುತ್ತದೆ ಎಂಬ ಮಾತಿಗೆ ಆಧಾರವಾಗಿ ಬಳಕೆಯಾಗುವುದು 2016ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಸಂಶೋಧನೆ. 1971ರಿಂದ 1997ರವರೆಗೆ ಅಲ್ಲಿ ಹುಟ್ಟಿದ 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಆ ಸಂಶೋಧನೆ, ಬಾಲ್ಯದ ಸ್ಥಳಾಂತರಕ್ಕೂ ಮುಂದಿನ ಮಾನಸಿಕ ತೊಂದರೆಗಳಿಗೂ ನಂಟು ಕಂಡಿತು. ಆದರೆ ನಂಟು ಬಲವಾಗಿದ್ದದ್ದು 12ರಿಂದ 14ರ ವಯಸ್ಸಿನಲ್ಲಿ; ಲೆಕ್ಕಕ್ಕೆ ಬಂದದ್ದು ಒಂದು ಪೌರಾಡಳಿತ ಪ್ರದೇಶದಿಂದ ಇನ್ನೊಂದಕ್ಕೆ ಹೋದವರು ಮಾತ್ರ. ಬಡಾವಣೆಯೊಳಗಿನ ಸ್ಥಳಾಂತರಕ್ಕೆ, ಅದೂ ನಾಲ್ಕು ವರ್ಷದವರ ವಿಷಯದಲ್ಲಿ, ಅದನ್ನು ಹಾಗೇ ಅನ್ವಯಿಸಿ ಹೆದರುವುದು ಸರಿಯಲ್ಲ. ಎಳೆಯರಿಗೆ ಆಗುವುದು ಬಹುತೇಕ ತಾತ್ಕಾಲಿಕ: ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು, ಊಟ ಬೇಡ, ಅಮ್ಮನ ಸೆರಗು ಬಿಡುವುದಿಲ್ಲ. ಬೈದರೆ ಇದು ಬೆಳೆಯುತ್ತದೆ. ವಾರಗಳು ಕಳೆದರೂ ತಗ್ಗದಿದ್ದರೆ, ಮಗು ಆಟವನ್ನೇ ಬಿಟ್ಟು ಮಂಕಾದರೆ ಮಕ್ಕಳ ವೈದ್ಯರಿಗೋ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗಕ್ಕೋ ತೋರಿಸಬೇಕು.

ನೆರವಿನ ಮೊದಲ ಹೆಜ್ಜೆ ಹೊಸ ಮನೆಯನ್ನು ಮೊದಲೇ ತೋರಿಸುವುದು. ಖಾಲಿಯಿದ್ದಾಗ ಒಮ್ಮೆ ಓಡಾಡಿಸಿ, ಅದರ ಹಾಸಿಗೆ ಎಲ್ಲಿ ಬರುತ್ತದೆಂದು ಬೆರಳು ಮಾಡಿ ಹೇಳುವುದು. ಸಾಮಾನು ಕಟ್ಟುವಾಗ ಮಗುವಿನ ವಸ್ತು ಕೊನೆಗೆ ಕಟ್ಟಿ ಮೊದಲು ಬಿಚ್ಚಬೇಕು. ಕೊಳಕಾದ ಹೊದಿಕೆಯನ್ನು ಈ ನೆಪದಲ್ಲಿ ಎಸೆಯುವ ಅಥವಾ ಒಗೆದುಬಿಡುವ ಉತ್ಸಾಹ ತಡೆದುಕೊಳ್ಳುವುದು ಒಳ್ಳೆಯದು: ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದ ಆರಂಭದಲ್ಲೇ ವಿವರಿಸಿದಂತೆ, ಮಗು ಬಿಡದೆ ಹಿಡಿದ ಬಟ್ಟೆಯ ತುಂಡಿನಲ್ಲಿ ಅದರ ವಾಸನೆಯೂ ಸೇರಿದೆ. ಹಾಲು ಉಕ್ಕಿಸುವ ಪದ್ಧತಿ ಇಲ್ಲಿ ಸಿದ್ಧ ಸಾಧನ. ಪಾತ್ರೆಯತ್ತ ಕಣ್ಣಿಟ್ಟು ‘ಉಕ್ಕಿತು’ ಎಂದು ಕೂಗುವ ಕೆಲಸ ಮಗುವಿಗೆ ವಹಿಸಿದರೆ ಹೊಸ ಮನೆಯ ಮೊದಲ ಘಟನೆ ಅದರದೇ ಆಗುತ್ತದೆ. ಬಿಟ್ಟುಹೋಗುವ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಎತ್ತರ ಅಳೆದ ಪೆನ್ಸಿಲ್ ಗೆರೆಗಳಿದ್ದರೆ ಒಂದು ಕಾಗದದ ಪಟ್ಟಿಗೆ ಇಳಿಸಿಕೊಳ್ಳಬಹುದು. ಮಾಲೀಕರು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡು ಹೊಡೆಸುವ ಬಣ್ಣದಡಿ ಅವು ಹೇಗೂ ಮುಚ್ಚಿಹೋಗುತ್ತವೆ.

ದೂರದಿಂದ ಬಂದವರಿಗೆ ಮಾತಿನ ಪೇಚೂ ಇದೆ. ಧಾರವಾಡ ಸೀಮೆಯ ಮಗು ಅಂಗಡಿಯಲ್ಲಿ ಚುರುಮುರಿ ಕೇಳಿದರೆ ಸಿಗುವುದು ಈರುಳ್ಳಿ, ಕ್ಯಾರೆಟ್ ಬೆರೆಸಿದ ಬೇರೆಯೇ ತಿನಿಸು. ಮಗುವಿಗೆ ಬೇಕಾದದ್ದಕ್ಕೆ ಇಲ್ಲಿನ ಹೆಸರು ಕಡಲೆಪುರಿ. ಕನ್ನಡದಿಂದ ಕನ್ನಡಕ್ಕೆ ಬಂದವರಿಗೆ ತೊಡಕಿಲ್ಲವೆಂದು ಶಿಶುವಿಹಾರದವರು ಭಾವಿಸುವುದರಿಂದ ಈ ಮುಜುಗರ ಗಮನಕ್ಕೇ ಬರುವುದಿಲ್ಲ. ಹೊಸ ಶಾಲೆಗೆ ಸೇರುವಾಗ ಕಾನೂನಿನ ನೆರವಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ; ಆದರೆ ಆ ಹಕ್ಕು 6 ತುಂಬಿದವರದು.

ಅತಿ ಹೆಚ್ಚು ಮನೆ ಬದಲಿಸುವವರು ಬಾಡಿಗೆದಾರರ ಮಕ್ಕಳಲ್ಲ, ಕಟ್ಟಡ ಕಾರ್ಮಿಕರ ಮಕ್ಕಳು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನವರಿಗೆ ಕೂಸಿನ ಮನೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಸೆಕ್ಷನ್ ಹೇಳಿತ್ತು. 30x40 ಅಡಿ ಸೈಟಿನ ಕಾಮಗಾರಿಯಲ್ಲಿ ಅಷ್ಟು ಜನ ಎಂದೂ ಸೇರುವುದಿಲ್ಲ. ಅಲ್ಲಿರುವುದು ಕಾವಲಿಗೆ ನಿಂತ ಒಂದು ಕುಟುಂಬ, ಸಿಮೆಂಟ್ ಚೀಲಗಳ ಪಕ್ಕದ ತಗಡಿನ ಶೆಡ್ಡು. ಮರಳಗುಡ್ಡೆಯ ಮೇಲೆ ಆಡುತ್ತ, ಕ್ಯೂರಿಂಗ್ ನೀರಿನಲ್ಲಿ ಮೀಯುತ್ತ ಅವರ ಮಗು ವರ್ಷದಷ್ಟು ಕಾಲ ಆ ಮನೆ ಏಳುವುದನ್ನು ನೋಡುತ್ತದೆ. ಮಾಲೀಕರ ಗೃಹಪ್ರವೇಶಕ್ಕೆ ಮಾವಿನ ತೋರಣ ಕಟ್ಟುವ ಹೊತ್ತಿಗೆ ಶೆಡ್ಡಿನ ತಗಡುಗಳು ಮುಂದಿನ ಸೈಟಿಗೆ ಹೋಗಲು ಟೆಂಪೋ ಏರಿರುತ್ತವೆ.