ಇಗರ್ಜಿಯ ಹೊರಗೆ ಹಾಡಿದವರು

ಸಂಕ್ರಮಣದ ದಿನಗಳಲ್ಲಿ ಸೊಲ್ಲಾಪುರವನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ಧರಾಮೇಶ್ವರನ ಏಳು ನಂದಿಕೋಲುಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಟವೆಂದರೆ ಹಲಗೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಮುಟ್ಟುತ್ತದೆ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಪಾಲಕಿಯ ಮುಂದೆಯೂ ಅಷ್ಟೇ. ನಮ್ಮ ಈ ಸೀಮೆಯಲ್ಲಿ ಭಕ್ತಿಯು ಎಂದೂ ಪಿಸುಮಾತಿನಲ್ಲಿ ನಡೆದುದಲ್ಲ.

ಹಾಗಿದ್ದರೂ ಬೀದಿಯಲ್ಲಿ ಹಾಡುವ ಸಲುಗೆ ಎಲ್ಲರಿಗೂ ಒಂದೇ ಬಗೆಯಾಗಿ ಒದಗಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ರೈಸ್ತ ಮನೆತನದವನು. ಮನೆಯಲ್ಲಿ ಕನ್ನಡ, ಇಗರ್ಜಿಯಲ್ಲಿ ಮರಾಠಿ, ವೇದಿಕೆಯ ಮೇಲೆ ಇಂಗ್ಲಿಷ್, ಹೀಗೆ ಅವನ ಬಾಳು. ಪುಣೆಯಲ್ಲಿ ಓದುತ್ತ, ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತವನ್ನು ನುಡಿಸುವ ಗೆಳೆಯರ ಮೇಳವೊಂದರಲ್ಲಿ ಅವನು ವಿದ್ಯುತ್ ಗಿಟಾರ್ ನುಡಿಸುತ್ತಾನೆ. ರಜೆಯಲ್ಲಿ ಬಂದಾಗ ಅವನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಸರ್, ಯೇಸುವಿನ ಹೆಸರುಳ್ಳ ಒಂದು ಹಾಡನ್ನು ಕಟ್ಟಿದ್ದೇನೆ. ಧರ್ಮವನ್ನು ಮನೆಯಲ್ಲಿ ಬಿಟ್ಟು ಬಾ ಎಂದು ಗೆಳೆಯರು ಹೇಳುತ್ತಾರೆ. ಆ ಗದ್ದಲವನ್ನು ಬಿಟ್ಟು ಬಾ ಎಂದು ಸಭೆಯ ಹಿರಿಯರು ಹೇಳುತ್ತಾರೆ. ನಾನು ಯಾರ ಮಾತನ್ನು ಕೇಳಲಿ?" ನಾನು ಇತಿಹಾಸದ ಮಾಸ್ತರನು. ಉಪದೇಶ ನನ್ನ ಕಸುಬಲ್ಲ. ಅವನಿಗಿಂತ ಮೊದಲು ಇದೇ ಇಕ್ಕಟ್ಟಿನಲ್ಲಿ ಸಿಕ್ಕಿದವರ ಕಥೆಗಳನ್ನು ಹೇಳಿದೆನು.

ನಮ್ಮ ಕಡೆಗೆ ಕ್ರೈಸ್ತ ಧರ್ಮವನ್ನು ತಂದ ಸಂಸ್ಥೆಗಳು ಎರಡು ದಿಕ್ಕಿನಿಂದ ಬಂದವು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಇಳಿದು ಕನ್ನಡವನ್ನು ಹಿಡಿದರು. ಬಾಸ್ಟನ್ ನಗರದ ಅಮೇರಿಕನ್ ಮಂಡಳಿಯವರು ೧೮೩೧ರಲ್ಲಿ ಅಹಮದನಗರದಲ್ಲಿ, ಎಂದರೆ ಇಂದಿನ ಅಹಿಲ್ಯಾನಗರದಲ್ಲಿ, ನೆಲೆಯೂರಿ ಮರಾಠಿಯನ್ನು ಹಿಡಿದರು. ಸೊಲ್ಲಾಪುರವು ಈ ಎರಡನೆಯವರ ಪಾಲಿಗೆ ಬಂದಿತು. ಬಂದವರು ತಮ್ಮ ದೇಶದ ಸ್ತೋತ್ರಗಳನ್ನೂ ರಾಗಗಳನ್ನೂ ಜೊತೆಗೆ ತಂದರು. ಪದಗಳನ್ನು ಭಾಷಾಂತರಿಸಿದರು, ರಾಗ ಮಾತ್ರ ಹಾಗೆಯೇ ಉಳಿಯಿತು. ಅಭಂಗ, ದಾಸರ ಪದ, ಗೀಗೀ ಪದಗಳಿಂದ ಹದಗೊಂಡ ಕಿವಿಗೆ ಅದು ಪರರ ಅಂಗಿಯನ್ನು ತೊಟ್ಟಂತೆ ಕಂಡಿದ್ದರೆ ಆಶ್ಚರ್ಯವೇನು? ಇತ್ತ ದೇಶೀಯ ಧಾಟಿಗಳಿಗೆ ವಿಗ್ರಹಾರಾಧನೆಯ ವಾಸನೆ ಅಂಟಿದೆ ಎಂಬ ಅಳುಕು ಸಭೆಯೊಳಗೆ ಬಹುಕಾಲ ಇದ್ದಿತು.

ಈ ಅಳುಕನ್ನು ಮೀರಿದವರಲ್ಲಿ ಕೃಷ್ಣರಾವ್ ಸಾಂಗಳೆಯವರ ಹೆಸರು ಮೊದಲು ಬರುತ್ತದೆ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಅವರು ಕ್ರಿಸ್ತನ ಕಥೆಯನ್ನು ಕೀರ್ತನೆಯ ರೂಪದಲ್ಲಿ ಹಾಡಿದರು. ಆದರೆ ಆ ಕಲೆಗೆ ಜೀವಕಳೆ ತಂದವರು ನಾರಾಯಣ ವಾಮನ ಟಿಳಕರು. ೧೮೬೧ರಲ್ಲಿ ಕೊಂಕಣದ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಈ ಕವಿ ೧೮೯೫ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಬಂಧುಗಳು ದೂರವಾದರು, ಪತ್ನಿ ಲಕ್ಷ್ಮೀಬಾಯಿಯವರು ಹಲವು ವರ್ಷ ಬೇರೆ ಇದ್ದರು. ಆ ಕಣ್ಣೀರಿನ ದಿನಗಳಲ್ಲಿ ಒಂದಷ್ಟು ಕಾಲ ಅವರಿಗೆ ಆಸರೆಯಾದುದು ನಮ್ಮ ಜಿಲ್ಲೆಯ ಪಂಢರಪುರ. ೧೯೦೦ರಲ್ಲಿ ಲಕ್ಷ್ಮೀಬಾಯಿಯವರೂ ಕ್ರೈಸ್ತರಾದರು. ಅವರ ಆತ್ಮಕಥೆ 'ಸ್ಮೃತಿಚಿತ್ರೆ'ಯನ್ನು ಓದದೆ ಈ ಕಥೆಯನ್ನು ಅರಿತೆವೆನ್ನಲಾಗದು. ಮರಾಠಿ ಬಲ್ಲ ವಿದ್ಯಾರ್ಥಿಗಳು, ಗಡಿಯಲ್ಲಿ ಹುಟ್ಟಿದ ಪುಣ್ಯಕ್ಕಾದರೂ, ಅದನ್ನು ಓದಬೇಕು.

ಟಿಳಕರು ಯೇಸುವನ್ನು ಅಭಂಗದಲ್ಲಿ ಹಾಡಿದರು. ತುಕಾರಾಮನ ಸೇತುವೆಯನ್ನು ದಾಟಿ ತಾನು ಕ್ರಿಸ್ತನ ಬಳಿಗೆ ಬಂದೆನೆಂಬುದು ಅವರೇ ಆಡಿದ ಮಾತು. ಇಲ್ಲಿ ಒಂದು ಸೂಕ್ಷ್ಮವಿದೆ. ಸಂತರ ಧಾಟಿಯನ್ನು ಅವರು ಜನರನ್ನು ಮರುಳು ಮಾಡುವ ಬಲೆಯಾಗಿ ಎತ್ತಿಕೊಳ್ಳಲಿಲ್ಲ. ಅದು ಅವರ ತಾಯಿನುಡಿಯ ಉಸಿರಾಗಿತ್ತು. ಹಾಡುವವನು ಕ್ರೈಸ್ತನೆಂಬುದನ್ನು ಅವರು ಮರೆಮಾಚಲೂ ಇಲ್ಲ. ಆದುದರಿಂದಲೇ ಇರಬೇಕು, ಮರಾಠಿ ಕಾವ್ಯಲೋಕ ಅವರಿಗೆ ಬಾಗಿಲು ಮುಚ್ಚಲಿಲ್ಲ. ಎಳೆಯ ಹಿಂದೂ ಕವಿ ಬಾಲಕವಿ ಠೋಂಬರೆಯವರು ಟಿಳಕರ ಮನೆಯಲ್ಲಿಯೇ ಇದ್ದು ಬೆಳೆದರು. ಇಕ್ಕಟ್ಟು ಒದಗಿದ್ದು ಒಳಗಿನಿಂದ. ಪರದೇಶದ ಸಂಬಳದ ನೆರಳಿನಲ್ಲಿ ತನ್ನ ಹಾಡು ತನ್ನದಾಗದೆಂದು ಬಗೆದು ೧೯೧೭ರಲ್ಲಿ ಅವರು ಮಿಶನ್ನಿನ ಉದ್ಯೋಗವನ್ನು ಬಿಟ್ಟರು, ಸಂನ್ಯಾಸ ತೊಟ್ಟರು, 'ದೇವಾಚಾ ದರಬಾರ'ವನ್ನು ಆರಂಭಿಸಿದರು. ದೀಕ್ಷೆ ಪಡೆದವರಿಗೂ ಪಡೆಯದವರಿಗೂ ಅಲ್ಲಿ ಸ್ಥಾನವಿತ್ತು. ಎರಡೇ ವರ್ಷದಲ್ಲಿ, ೧೯೧೯ರ ಮೇ ತಿಂಗಳಲ್ಲಿ, ಅವರು ತೀರಿಕೊಂಡರು. ಹಾಡುಗಳು ಮಾತ್ರ 'ಉಪಾಸನಾ ಸಂಗೀತ'ದಲ್ಲಿ ಸೇರಿ ಮರಾಠಿ ಇಗರ್ಜಿಗಳಲ್ಲಿ ಇಂದಿಗೂ ಕೇಳುತ್ತವೆ. ಒಮ್ಮೆ ಯಾವ ಧಾಟಿಗೆ ಅಳುಕಿದ್ದರೋ ಅದೇ ಧಾಟಿ!

ಕನ್ನಡದ ಕಡೆಯ ಕಥೆಯನ್ನು ನಮ್ಮವರು ಬಲ್ಲರಾದ್ದರಿಂದ ಚಿಕ್ಕದಾಗಿ ಹೇಳುವೆನು. ಮೋಗ್ಲಿಂಗರು ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲರು ೧೮೬೨ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ನಿಲ್ಲಿಸಿದರು. ೧೮೯೪ರ ನಿಘಂಟಿನ ಕಿಟ್ಟೆಲರನ್ನು ನಾವು ಕೊಂಡಾಡುತ್ತೇವೆ; ಅವರ ಸಾಹಿತ್ಯದ ಹುಚ್ಚು ಸಹೋದ್ಯೋಗಿಗಳಿಗೆ ಅಷ್ಟಾಗಿ ಹಿಡಿಸಲಿಲ್ಲವೆಂಬುದನ್ನು ಮರೆಯುತ್ತೇವೆ.

ಇಷ್ಟು ಕೇಳಿದ ನನ್ನ ಶಿಷ್ಯನು, "ಇವೆಲ್ಲ ತಂಬೂರಿಯ ಕಥೆಗಳು. ನನ್ನದು ಗದ್ದಲದ ಕಥೆ" ಎಂದನು. ಗದ್ದಲಕ್ಕೂ ಪೂರ್ವಜರು ಉಂಟು. ೧೮೮೨ರಲ್ಲಿ ಮುಕ್ತಿಸೇನೆಯ ನಾಲ್ವರು ಮುಂಬಯಿಯಲ್ಲಿ ಇಳಿದರು. ನಾಯಕನಾದ ಫ್ರೆಡರಿಕ್ ಟಕರನು ಅದಕ್ಕೆ ಮೊದಲು ಇಲ್ಲಿಯೇ ಸರಕಾರದ ಅಧಿಕಾರಿಯಾಗಿದ್ದವನು. ಅದನ್ನು ಬಿಟ್ಟು ಕಾವಿಯುಟ್ಟು, ಬರಿಗಾಲಿನಲ್ಲಿ ನಡೆದು, ಫಕೀರ್ ಸಿಂಗ್ ಎಂಬ ಹೆಸರನ್ನು ಇಟ್ಟುಕೊಂಡನು. ವಾದ್ಯ ಬಾರಿಸುತ್ತ ಹಾಡುತ್ತ ಬೀದಿಯಲ್ಲಿ ನಡೆದುದೇ ಅಪರಾಧವಾಯಿತು. ಅವರನ್ನು ಹಿಡಿದವರು ಇಂಗ್ಲಿಷ್ ಸರಕಾರದ ಪೋಲೀಸರು, ಎಂದರೆ ಅವರದೇ ಧರ್ಮದ ದೊರೆಗಳ ಆಳುಗಳು!

ಇನ್ನು ಹೆವಿ ಮೆಟಲ್. ಈ ಸಂಗೀತದ ಮೂಲವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ಎಂಬ ಮೇಳದಲ್ಲಿ ಕಾಣುವುದುಂಟು. ಅದರ ಮೊದಲ ಧ್ವನಿಮುದ್ರಿಕೆ ೧೯೭೦ರದು. ಗಿಟಾರಿನ ನಾದವನ್ನು ವಿದ್ಯುತ್ತಿನಿಂದ ಹಿಗ್ಗಿಸಿ, ಬೇಕೆಂದೇ ಒರಟಾಗಿಸಿ, ಭೂತಪಿಶಾಚಿಗಳ ಚಿತ್ರಗಳನ್ನು ಬೆರೆಸಿದ ಇವರನ್ನು ಸೈತಾನನ ಭಕ್ತರೆಂದು ಹಲವರು ಬೈದರು. ವಿಚಿತ್ರವೆಂದರೆ, ಇವರ ಹೆಚ್ಚಿನ ಪದಗಳನ್ನು ಬರೆದ ಗೀಜರ್ ಬಟ್ಲರನು ಕ್ಯಾಥೊಲಿಕ್ ಮನೆತನದವನು. ೧೯೭೧ರ 'ಆಫ್ಟರ್ ಫಾರೆವರ್' ಎಂಬ ಹಾಡು ಬಿಚ್ಚುಮಾತಿನಲ್ಲಿ ದೇವರ ಪರವಾಗಿ ವಾದಿಸುತ್ತದೆ. ಹೀಗೆ, ಮನೆ ಕಟ್ಟಿದ ದಿನವೇ ಕ್ರೈಸ್ತನು ಅದರೊಳಗಿದ್ದನು.

ಹತ್ತಾರು ವರ್ಷಗಳ ತರುವಾಯ ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ಮೇಳದವರು ಹಳದಿ ಕಪ್ಪು ಪಟ್ಟೆಯ ಉಡುಪು ತೊಟ್ಟು, ಯೆಶಾಯನ ಗ್ರಂಥದ ೫೩ನೆಯ ಅಧ್ಯಾಯದ ೫ನೆಯ ವಚನವನ್ನು ಲಾಂಛನದಲ್ಲಿ ಬರೆದುಕೊಂಡು, ಮದ್ಯ ಮಾರುವ ಸಭಾಂಗಣಗಳಲ್ಲಿಯೂ ಹಾಡಿದರು. ಶ್ರೋತೃಗಳತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆದರು. (ಪುಸ್ತಕವನ್ನು ಎಸೆಯುವುದು ಮಾಸ್ತರನಾದ ನನಗೆ ಸೇರದು. ಇರಲಿ.) ೧೯೮೬ರ ಅವರ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಸಂಗೀತದ ಪೇಟೆ ಅವರನ್ನು ನಕ್ಕು ಸಹಿಸಿಕೊಂಡಿತು. ಉಗ್ರವಾಗಿ ಖಂಡಿಸಿದವರಲ್ಲಿ ಜಿಮ್ಮಿ ಸ್ವಾಗರ್ಟನಂತಹ ದೂರದರ್ಶನದ ಧರ್ಮಬೋಧಕರಿದ್ದರು. ಕ್ರೈಸ್ತರೇ ಬಹುಸಂಖ್ಯಾತರಾದ ಮಿಜೋರಾಮ್, ನಾಗಾಲ್ಯಾಂಡುಗಳಲ್ಲಿ ಹಾಡುವವನು ತನ್ನ ಮತವನ್ನು ಪ್ರತ್ಯೇಕವಾಗಿ ಸಾರಬೇಕಾಗಿಲ್ಲ. ಸೊಲ್ಲಾಪುರದ ಹುಡುಗನ ಸ್ಥಿತಿ ಹಾಗಲ್ಲ. ಅವನು ಬಾಯಿ ತೆರೆದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಅವನು ಏನನ್ನೂ ಹೇಳದೆ ಹೊರಟುಹೋದನು. ಮೊನ್ನೆ ಪತ್ರ ಬಂದಿತು. ಹಾಡನ್ನು ಹಾಡಿದನಂತೆ. ಯೇಸುವಿನ ಹೆಸರು ಬಂದಾಗ ಕೆಲವರು ಚಹಕ್ಕೆ ಎದ್ದುಹೋದರು. ಮುಂದಿನ ಸಾಲಿನವರು ಕದಲಲಿಲ್ಲ. ತಾಳ ಎಲ್ಲಿಯದೆಂದು ಮೇಳದ ಗೆಳೆಯರು ಕೇಳಿದರಂತೆ. ನಂದಿಕೋಲಿನ ಹಿಂದೆ ಚಿಕ್ಕಂದಿನಿಂದ ಕೇಳಿದ ಹಲಗೆಯ ತಾಳವದು. ಸಭೆಯ ಹಿರಿಯರು ಇನ್ನೂ ಮಾತನಾಡಿಸಿಲ್ಲವೆಂದು ಬರೆದಿದ್ದಾನೆ.